ಹೊಡೆದು ಹಾಕಿದ ಒಂಬತ್ತು ಹೆಸರುಗಳು

ಸಭೆಯ ಸದಸ್ಯರ ಪಟ್ಟಿಯಿಂದ ಆ ಒಂಬತ್ತು ಹೆಸರುಗಳನ್ನು ಹೊಡೆದು ಹಾಕಿದವಳು ನಾನೇ. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಸ್ಕೇಲು ಇಟ್ಟು, ಕೆಂಪು ಪೆನ್ನಿನಲ್ಲಿ, ಅಚ್ಚುಕಟ್ಟಾಗಿ ಒಂಬತ್ತು ಗೆರೆ ಎಳೆದೆ. ಒಳ್ಳೆಯ ಕೆಲಸ ಮಾಡಿದೆನೆಂದು ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು ಮಲಗಿದೆ ಬೇರೆ. ಆ ಗೆರೆಗಳಿಂದ ಒಬ್ಬ ಪಾಸ್ಟರ ಸಂಸಾರ ಬೀದಿಗೆ ಬೀಳುವ ಹೊತ್ತು ಬರುತ್ತದೆಂದು ಅವತ್ತು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ನಾನು ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ಒಂದು ಬ್ಯಾಂಕಿನ ಅಧಿಕಾರಿ. ಊರು ಬೆಟಗೇರಿ. ನಮ್ಮ ಮನೆಯವರು ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರು. ನಾವು ಹೋಗುವುದು ಬಂದರಿನ ಹತ್ತಿರ, ಹಳೆಯ ಪೇಟೆಯಲ್ಲಿರುವ ಒಂದು ಸಣ್ಣ ತೆಲುಗು ಬ್ಯಾಪ್ಟಿಸ್ಟ್ ಸಭೆಗೆ. ಮೂರು ತಿಂಗಳ ಕೂಸಾಗಿದ್ದಾಗ ಬೆಟಗೇರಿಯಲ್ಲಿ ನನ್ನ ತಲೆಗೆ ನೀರು ಚಿಮುಕಿಸಿ ದೀಕ್ಷಾಸ್ನಾನ ಕೊಟ್ಟದ್ದು ಇವರ ಲೆಕ್ಕಕ್ಕಿಲ್ಲ. ಸದಸ್ಯಳಾಗಬೇಕಾದರೆ ಬುದ್ಧಿ ಬಂದ ಮೇಲೆ, ತಾನಾಗಿ ಒಪ್ಪಿ, ನೀರಿನಲ್ಲಿ ಪೂರ್ತಿ ಮುಳುಗಿ ಏಳಬೇಕು. ಮುಳುಗಿ ಎದ್ದೆ. ಅವ್ವ ಫೋನಿನಲ್ಲಿ, "ಅಲ್ಲ, ಒಮ್ಮೆ ಆದದ್ದು ಸಾಲಲಿಲ್ಲೇನು ನಿನಗ? ದೇವರಿಗೇನು ಮರವು ಬಂದದ ಅಂತ ತಿಳದೀ?" ಎಂದು ಬೈದಳು.

ನನ್ನನ್ನು ಸಭೆಯ ಕಾರ್ಯದರ್ಶಿ ಮಾಡಿದ್ದು ನಾನು ಭಾರೀ ಬುದ್ಧಿವಂತಳೆಂದಲ್ಲ. ಅಲ್ಲಿ ಎಲ್ಲರೂ ಎಲ್ಲರಿಗೂ ಬೀಗರು, ಭಾವಂದಿರು, ಷಡ್ಡಕರು. "ನೀವು ಇಲ್ಲಿ ಯಾರಿಗೂ ಏನೂ ಆಗಲ್ಲ ಕದಮ್ಮಾ, ಅದೇ ನಿಮ್ಮ ಅರ್ಹತೆ" ಎಂದು ಹಿರಿಯ ಡೀಕನ್ನರು ಮುಖಕ್ಕೇ ಹೇಳಿದರು. ಡೀಕನ್ ಎಂದರೆ ಸಭೆಯ ಆಡಳಿತ ನೋಡುವ ಹಿರಿಯರು. ಇವರು ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು; ಮಾತೂ ಕ್ರೇನಿನ ಹಾಗೆ, ನಿಧಾನ, ಆದರೆ ಇಡಬೇಕಾದ ಕಡೆಯೇ ಇಡುತ್ತಿದ್ದರು. ನಮ್ಮ ಮಾತೆಲ್ಲ ತೆಲುಗಿನಲ್ಲಿ ನಡೆದದ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬ್ಯಾಪ್ಟಿಸ್ಟ್ ಸಭೆಗಳಿಗೆ ಮೇಲಿನಿಂದ ಪಾಸ್ಟರನ್ನು ಕಳಿಸಿಕೊಡುವ ಬಿಷಪ್ಪರಿಲ್ಲ. ಸದಸ್ಯರೇ ಓಟು ಹಾಕಿ ಕರೆಯಬೇಕು. ಅದನ್ನು ಇಲ್ಲಿ 'ಪಿಲುಪು' ಎನ್ನುತ್ತಾರೆ, ಅಂದರೆ ಕರೆ. ನಮ್ಮ ಸಭೆಯ ನಿಯಮಾವಳಿ ಇನ್ನೂ ಬಿಗಿ: ಬಂದು ಕೂತವರ ಲೆಕ್ಕವಲ್ಲ, ಪಟ್ಟಿಯಲ್ಲಿರುವ ಒಟ್ಟು ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲು ಜನ ಒಪ್ಪಿರಬೇಕು. ಮನೆಯಲ್ಲಿ ಮಲಗಿದವನೂ ಲೆಕ್ಕಕ್ಕೆ ಸಿಗುತ್ತಾನೆ, ಒಪ್ಪದವನ ಹಾಗೆಯೇ.

ಹಳೆಯ ಪಾಸ್ಟರು ಬಹಳ ವರ್ಷ ಸೇವೆ ಮಾಡಿ ತೀರಿಕೊಂಡಿದ್ದರು. ಅವರ ಮಗನೇ ಆ ಪೀಠಕ್ಕೆ ಬರಬೇಕೆಂದು ಒಂದು ಗುಂಪು. ಅದರ ಮುಂದಾಳು ನಿವೃತ್ತ ಹೆಡ್ಮಾಸ್ಟರು. ಆದರೆ ಉಳಿದವರ ಒತ್ತಾಯಕ್ಕೆ ಕರೆಗೆ ನಿಂತವರು ಗೋದಾವರಿ ಕಡೆಯ ಹಳ್ಳಿ ಸಭೆಯೊಂದರ ಪಾಸ್ಟರು, ನಲವತ್ತರ ಆಸುಪಾಸು, ಸಣ್ಣ ದನಿ. ಮೂರು ಭಾನುವಾರ ಬಂದು ಬೈಬಲಿನ ಮೇಲೆ ಪ್ರಸಂಗ ಮಾಡಿದರು. ಆಮೇಲೆ ಓಟು. ನಾನು ಪಟ್ಟಿ ನೋಡಿ ಹೆಸರು ಕರೆದೆ, ಒಬ್ಬೊಬ್ಬರೇ ಎದ್ದು ಬಂದು ಚೀಟಿಯನ್ನು ಚೀಲಕ್ಕೆ ಹಾಕಿದರು. ಪಟ್ಟಿಯಲ್ಲಿ ತೊಂಬತ್ತೊಂದು ಜನ. ಬೇಕಾದದ್ದು ಅರವತ್ತೊಂದು. ಬಂದದ್ದು ಅರವತ್ತೆರಡು. ಹೆಡ್ಮಾಸ್ಟರು ಚೀಟಿಗಳನ್ನು ತಾವೇ ಎರಡು ಸಲ ಎಣಿಸಿ, "ಸರಿ ಇದೆ" ಎಂದು ಕನ್ನಡಕ ತೆಗೆದು ಒರೆಸಿಕೊಂಡರು.

ಪಾಸ್ಟರು ಹಳ್ಳಿಯ ಸಭೆಗೆ ರಾಜೀನಾಮೆ ಕೊಟ್ಟು ಹೆಂಡತಿ, ಇಬ್ಬರು ಹೆಣ್ಣುಮಕ್ಕಳೊಂದಿಗೆ ಬಂದು ಚರ್ಚಿನ ಹಿಂದಿನ ಮನೆಯಲ್ಲಿಳಿದರು. ಪೀಠಕ್ಕೆ ಕೂರಿಸುವ ಪ್ರತಿಷ್ಠಾಪನೆಯ ಆರಾಧನೆಗೆ ಭಾನುವಾರವೂ ಗೊತ್ತಾಯಿತು. ಅವತ್ತು ಹಂಚುವ ಪುಸ್ತಿಕೆಗೆ ಸಭೆಯ ಇತಿಹಾಸ ಎರಡು ಪುಟ ಬರೆಯಿರಿ ಎಂದು ನನಗೇ ಅಂಟಿಸಿದರು. ಬ್ಯಾಂಕು ಮುಗಿಸಿ ಸಂಜೆ ಸಂಜೆ ಹೋಗಿ, ಕಬ್ಬಿಣದ ಬೀರುವಿನಿಂದ ಹಳೆಯ ನಡವಳಿ ಪುಸ್ತಕಗಳನ್ನು ತೆಗೆದು ಕೂರುತ್ತಿದ್ದೆ. ಕನ್ನಡ ಬಂದವರಿಗೆ ತೆಲುಗು ಲಿಪಿ ಮುಕ್ಕಾಲು ಬಂದ ಹಾಗೆಯೇ. ಮೊದಲ ಪಾಸ್ಟರು ಯಾರು, ಕಟ್ಟಡದ ಕಲ್ಲು ಎಲ್ಲಿಂದ ಬಂತು, ಯಾರು ಯಾವಾಗ ಜಗಳವಾಡಿ ಬಿಟ್ಟುಹೋದರು, ಎಲ್ಲ ಇತ್ತು. ಓದುತ್ತಾ ನನಗೇ ಮಜಾ ಬಂದಿತ್ತು.

ಒಂದು ಮಂಗಳವಾರ ಎರಡನೆಯ ಪಾಸ್ಟರ ಕರೆಯ ಪುಟ ಸಿಕ್ಕಿತು. ಆ ಕಾಲದಲ್ಲಿ ಈ ಕಡೆಯ ಜನ ಹಡಗು ಹತ್ತಿ ರಂಗೂನಿಗೆ ಕೂಲಿಗೆ ಹೋಗುತ್ತಿದ್ದರು. ನಮ್ಮ ಸಭೆಯವರೂ ಹನ್ನೆರಡು ಜನ ಅಲ್ಲಿದ್ದರಂತೆ. ಇಲ್ಲಿದ್ದವರೆಲ್ಲ ಓಟು ಹಾಕಿ ಮುಗಿಸಿದ ಮೇಲೂ ಪಾಸ್ಟರ ಹೆಸರು ಸಾರಲಿಲ್ಲ. ರಂಗೂನಿಗೆ ಕಾಗದ ಬರೆದು, ಉತ್ತರ ಹೊತ್ತ ಹಡಗು ಬರುವ ತನಕ ಕಾದರು. ಕಾರಣವನ್ನೂ ಬರೆದಿಟ್ಟಿದ್ದರು: ಬೇರೊಂದು ಸಭೆ ಪತ್ರ ಬರೆದು ನಮ್ಮ ಸದಸ್ಯನನ್ನು ಕೇಳಿಕೊಂಡು, ನಾವು ಕೈಯೆತ್ತಿ ಒಪ್ಪಿ, ಪತ್ರ ಕೊಟ್ಟು ಕಳಿಸಿಕೊಡುವವರೆಗೆ ಆತ ಎಲ್ಲಿದ್ದರೂ ನಮ್ಮವನೇ.

ಒಂದು ಲೋಟ ನೀರು ಕುಡಿದು ಮತ್ತೆ ಓದಿದೆ. ಆಮೇಲೆ ಸದಸ್ಯರ ಪಟ್ಟಿ ತೆಗೆದೆ. ಕೆಂಪು ಗೆರೆ, ಒಂಬತ್ತು. ಎಲ್ಲರೂ ವಿಜಯವಾಡಕ್ಕೆ ಹೋದವರು. ಸರಕಾರಿ ಕಚೇರಿಗಳು ಅತ್ತ ಹೋದಾಗ ಜೊತೆಗೆ ಹೋದವರು ನಾಲ್ವರು, ಅಲ್ಲೇ ಹತ್ತಿರದ ಗನ್ನವರಂನಲ್ಲಿ ಒಂದೇ ಮನೆಯ ನಾಲ್ವರು, ತಮ್ಮನ ಮನೆ ಸೇರಿದ ಒಬ್ಬ ನಿವೃತ್ತ ನರ್ಸು. ಯಾರಿಗೂ ಪತ್ರ ಕೊಟ್ಟಿರಲಿಲ್ಲ. ಯಾವ ಸಭೆಯೂ ಕೇಳಿರಲಿಲ್ಲ. ನಾನು ಬ್ಯಾಂಕಿನವಳು, ನಮ್ಮಲ್ಲಿ ವರ್ಗವಾಯಿತೆಂದರೆ ಅವತ್ತೇ ಸಂಜೆ ಹಾಜರಿ ಪುಸ್ತಕದಿಂದ ಹೆಸರು ತೆಗೆಯುತ್ತೇವೆ. ಅದೇ ಚಾಳಿಯಲ್ಲಿ ಇಲ್ಲಿಯೂ ತೆಗೆದಿದ್ದೆ. ಅವರಿಗೆ ಓಟಿನ ನೋಟೀಸೂ ಹೋಗಿರಲಿಲ್ಲ.

ಅಲ್ಲಿಯೇ ಪೆನ್ಸಿಲಿನಲ್ಲಿ ಕೂಡಿಸಿದೆ. ತೊಂಬತ್ತೊಂದಕ್ಕೆ ಒಂಬತ್ತು ಸೇರಿದರೆ ನೂರು. ಮೂರರಲ್ಲಿ ಎರಡು ಪಾಲೆಂದರೆ ಅರವತ್ತೇಳು. ಇದ್ದದ್ದು ಅರವತ್ತೆರಡು. ಕರೆ ಆಗಿಯೇ ಇರಲಿಲ್ಲ. ಹಿಂದಿನ ಮನೆಯಿಂದ ಪಾಸ್ಟರ ಕಿರಿಯ ಮಗಳು ಮಗ್ಗಿ ಹೇಳುವುದು ಕೇಳಿಸುತ್ತಿತ್ತು. ಅಯ್ಯೋ ದೇವರೇ, ಇದೇನು ಮಾಡಿಬಿಟ್ಟೆ ಎಂದು ಹಣೆ ಹಣೆ ಚಚ್ಚಿಕೊಂಡೆ.

ಮರುದಿನ ಹಿರಿಯ ಡೀಕನ್ನರ ಮನೆಗೆ ಹೋಗಿ ಪುಸ್ತಕವನ್ನೇ ಮುಂದಿಟ್ಟೆ. ಅವರು ಬಹಳ ಹೊತ್ತು ಓದಿದರು.

"ಇದನ್ನ ಈಗ ಯಾಕೆ ಅಗೆದಿರಮ್ಮಾ?" ಎಂದರು.

"ಅಗೆಯಲಿಲ್ಲ ಸಾರ್, ಸಿಕ್ಕಿತು. ಇತಿಹಾಸ ಬರೀರಿ ಅಂದಿದ್ದು ನೀವೇ."

"ಎರಡು ಪುಟ ಬರೀರಿ ಅಂದೆ. ಇಷ್ಟು ಆಳ ಹೋಗಿ ಅನ್ನಲಿಲ್ಲ." ಆಮೇಲೆ ದನಿ ತಗ್ಗಿಸಿ, "ನೋಡಿ, ಆ ಒಂಬತ್ತು ಜನಾನ ಪ್ರತಿಷ್ಠಾಪನೆ ಆದ ಮೇಲೆ ಪಟ್ಟಿಗೆ ವಾಪಸ್ ಸೇರಿಸೋಣ. ಯಾರಿಗೂ ಗೊತ್ತಾಗಲ್ಲ. ಹೆಡ್ಮಾಸ್ಟರ ಕಿವಿಗೆ ಇದು ಬಿತ್ತೋ, ಸಭೆ ಎರಡು ಹೋಳು. ನಲವತ್ತು ವರ್ಷದಿಂದ ನೋಡಿದ್ದೀನಿ ನಾನು."

ಅವರು ಕೆಟ್ಟವರಲ್ಲ. ಸಭೆ ಒಡೆಯಬಾರದೆಂಬುದೊಂದೇ ಅವರ ಚಿಂತೆ. ಆದರೆ ನನಗೆ ಅದು ಒಪ್ಪಿಗೆಯಾಗಲಿಲ್ಲ. ಯಾರ ಬದುಕಿನ ಮಾತೋ ಅವರಿಗೇ ಹೇಳಬೇಕೆಂದು ಅಲ್ಲಿಂದ ಎದ್ದವಳು ನೇರ ಪಾಸ್ಟರ ಮನೆಗೆ ಹೋದೆ. ನಡುಮನೆಯಲ್ಲಿ ಇನ್ನೂ ಬಿಚ್ಚದ ರಟ್ಟಿನ ಡಬ್ಬಿಗಳಿದ್ದವು. ಅಮ್ಮಗಾರು, ಅಂದರೆ ಪಾಸ್ಟರ ಹೆಂಡತಿ, ಮಕ್ಕಳ ಹೊಸ ಯೂನಿಫಾರಮ್ಮಿಗೆ ಗುಂಡಿ ಹೊಲಿಯುತ್ತಿದ್ದರು. ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ.

ಪಾಸ್ಟರು ಮೊದಲು ಕೇಳಿದ್ದು, "ಇದು ಇನ್ಯಾರಿಗೆ ಗೊತ್ತು?" ಎಂದು.

"ಹಿರಿಯ ಡೀಕನ್ನರಿಗೆ ಮಾತ್ರ ಅಯ್ಯಗಾರೂ."

"ಇನ್ನು ಹನ್ನೊಂದು ದಿನ. ಅದು ಮುಗಿದ ಮೇಲೆ ಹೇಳಿದರೆ..." ಎಂದವರು ಅಲ್ಲಿಗೇ ನಿಲ್ಲಿಸಿ ಮುಖ ಉಜ್ಜಿಕೊಂಡರು.

ಅಮ್ಮಗಾರು ಸೂಜಿ ಬಟ್ಟೆಗೆ ಚುಚ್ಚಿಟ್ಟರು. "ಆ ಊರಿನ ಮನೆ ಬಿಟ್ಟಾಯ್ತು ಅಕ್ಕಾ. ಅಲ್ಲಿಗೆ ಹೊಸ ಪಾಸ್ಟರು ಬಂದೂ ಆಯ್ತು. ನೀವು ಗೆರೆ ಹೊಡೆದಿರಿ, ನಾವು ಎಲ್ಲಿಗೆ ಹೋಗೋಣ, ನೀವೇ ಹೇಳಿ." ಕೂಗಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಹೇಳಿದರು.

"ಅವರನ್ನ ಅನ್ನಬೇಡ" ಎಂದರು ಪಾಸ್ಟರು. ನನ್ನ ಕಡೆ ತಿರುಗಿ, "ನನ್ನನ್ನೂ ಕೇಳಬೇಡಿ ಅಮ್ಮಾ. ಹೇಳಿ ಅಂದರೂ, ಹೇಳಬೇಡಿ ಅಂದರೂ, ಅದು ನನ್ನ ಅನ್ನದ ಮಾತೇ ಆಗುತ್ತೆ. ಕಾರ್ಯದರ್ಶಿ ನೀವು" ಎಂದರು.

ಅಂದರೆ ಚೆಂಡು ತಿರುಗಿ ನನ್ನ ಅಂಗಳಕ್ಕೇ ಬಿತ್ತು. ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು ಚಹಾ ಕುಡಿಯುತ್ತಾ, "ಹೇಳಲಿಲ್ಲಂದ್ರ ಏನಾಗ್ತದ?" ಎಂದರು.

"ಏನೂ ಆಗೂದಿಲ್ಲ."

"ಹಂಗಂದ್ರ ಯಾಕಿಷ್ಟು ಹೆದರೀದಿ?"

"ಏನೂ ಆಗೂದಿಲ್ಲಲ್ಲ, ಅದಕ್ಕ" ಎಂದೆ. ನನಗೂ ಆ ಮಾತು ಬಾಯಿಂದ ಬಂದ ಮೇಲೆಯೇ ಅರ್ಥವಾದದ್ದು.

ಶುಕ್ರವಾರ ಬ್ಯಾಂಕಿನಲ್ಲಿ ನಮ್ಮ ಕ್ಯಾಶಿಯರಿಗೆ ವರ್ಗದ ಆರ್ಡರು ಬಂತು. ಕೇಕು ಕತ್ತರಿಸಿ, ಶಾಲು ಹೊದಿಸಿ, ಫೋಟೋ ತೆಗೆದು, ಐದು ಗಂಟೆಗೆ ಅವರ ಲಾಗಿನ್ನು ತೆಗೆದುಹಾಕಿದೆ. ನಾನೇ. ಹತ್ತು ಸೆಕೆಂಡಿನ ಕೆಲಸ. ಅವರು ಇನ್ನೂ ಬಾಗಿಲಲ್ಲಿ ನಿಂತು ಸೆಕ್ಯೂರಿಟಿಯವರ ಜೊತೆ ಮಾತಾಡುತ್ತಿದ್ದರು, ಇತ್ತ ಕಂಪ್ಯೂಟರಿನಲ್ಲಿ ಇರಲೇ ಇಲ್ಲ. ಬರುವ ವರ್ಷ ನನಗೂ ವರ್ಗ. ಎಲ್ಲಿಗೋ ಏನೋ. ಆವಾಗ ಯಾವಳೋ ಒಬ್ಬಳು ಸ್ಕೇಲು ಇಟ್ಟು ನನ್ನ ಹೆಸರಿನ ಮೇಲೂ ಕೆಂಪು ಗೆರೆ ಎಳೆಯುತ್ತಾಳೆ. ಇಷ್ಟು ವರ್ಷ ಊರೂರು ಅಲೆದವಳಿಗೆ, ನೀನು ಎಲ್ಲಿದ್ದರೂ ನಮ್ಮವಳೇ ಎಂದ ಜಾಗ ಇದೊಂದೇ. ಅದನ್ನೇ ನಾನು ಒಂಬತ್ತು ಜನರಿಂದ ಕಿತ್ತುಕೊಂಡಿದ್ದೆ. ಭಾನುವಾರ ಹೇಳಿಬಿಡುವುದೆಂದು ಅಲ್ಲಿಯೇ, ಆ ಕೇಕಿನ ತಟ್ಟೆಯ ಮುಂದೆ, ನಿಶ್ಚಯ ಮಾಡಿದೆ.

ಭಾನುವಾರ ಪ್ರಕಟಣೆಗಳ ಹೊತ್ತಿಗೆ ಎದ್ದು ಓದಿದೆ. ತಪ್ಪು ನನ್ನದು, ಡೀಕನ್ನರದ್ದಲ್ಲ, ಪಾಸ್ಟರದ್ದಲ್ಲ ಎಂದು ಎರಡು ಸಲ ಹೇಳಿದೆ. ಎಲ್ಲ ಕಡೆಯಿಂದ ಗದ್ದಲ ಎದ್ದಿತು. ಹೆಡ್ಮಾಸ್ಟರು ಎದ್ದು ನಿಂತರು. "ಬ್ಯಾಂಕಮ್ಮಗಾರೂ, ಮೂರನೇ ಕ್ಲಾಸಿನ ಮಕ್ಕಳಿಗೆ ಹಾಜರಿ ಕೂಗೋದಕ್ಕೆ ಬರುತ್ತೆ. ನಿಮಗೆ ಬರಲಿಲ್ಲ. ಹೊಸದಾಗಿ ಓಟು ಆಗಲಿ, ಹೊಸ ಹೆಸರೂ ಬರಲಿ!" ಅಳು ಬಂತು, ಆದರೆ ಅವರ ಮುಂದೆ ಅಳಬಾರದೆಂದು ಮೈಕನ್ನು ಗಟ್ಟಿಯಾಗಿ ಹಿಡಿದು ನಿಂತೆ.

ಒಂದೂವರೆ ಗಂಟೆ ವಾದವಾಯಿತು. ಕೊನೆಗೆ ಹಿರಿಯ ಡೀಕನ್ನರು ಇತ್ಯರ್ಥ ಮಾಡಿದರು. ಹಾಕಿದ ಓಟುಗಳು ನಿಲ್ಲುತ್ತವೆ. ಒಂಬತ್ತು ಜನರ ಹೆಸರು ಪಟ್ಟಿಗೆ ಮರಳುತ್ತದೆ. ಕಾರ್ಯದರ್ಶಿ ತಾನೇ ಹೋಗಿ ಅವರ ಕೈಗೆ ನೋಟೀಸು, ಚೀಟಿ, ವಿಳಾಸ ಬರೆದ ಕವರು ಕೊಟ್ಟು ಸಹಿ ಪಡೆಯಬೇಕು. ಪರವಾಗಿ ಅಥವಾ ವಿರುದ್ಧವಾಗಿ ಒಂದು ಮಾತೂ ಆಡಕೂಡದು, ಎಷ್ಟು ಓಟು ಬೇಕೆಂದು ಹೇಳಕೂಡದು. ಪಾಸ್ಟರು ಅವರನ್ನು ಕಾಣಕೂಡದು. ಪ್ರಸಂಗದ ರೆಕಾರ್ಡಿಂಗನ್ನು ಫೋನಿಗೆ ಕಳಿಸಬಹುದು. ಉತ್ತರಗಳು ಅಂಚೆಯಲ್ಲೇ ಬರಬೇಕು, ಮೂರು ವಾರದ ನಂತರ ಸಭೆಯ ಮುಂದೆಯೇ ಒಡೆಯಬೇಕು. ಅಲ್ಲಿಯವರೆಗೆ ಪ್ರತಿಷ್ಠಾಪನೆ ಇಲ್ಲ. ಪುಸ್ತಿಕೆಯ ಅಚ್ಚನ್ನು ನಿಲ್ಲಿಸಲು ನಾನೇ ಪ್ರೆಸ್ಸಿಗೆ ಫೋನು ಮಾಡಿದೆ.

ಮುಂದಿನ ಶನಿವಾರ ರಜೆ. ಬೆಳಗಿನ ರೈಲು ಹಿಡಿದು ವಿಜಯವಾಡಕ್ಕೆ ಹೋದೆ. ಕಚೇರಿಯ ನಾಲ್ವರನ್ನು ಒಬ್ಬರ ಮನೆಯಲ್ಲೇ ಸೇರಿಸಿ ಕವರು ಕೊಟ್ಟೆ. ಅವರಲ್ಲೊಬ್ಬರು, "ನಮ್ಮನ್ನ ಹೊಡೆದು ಹಾಕಿದ್ದು ನಮಗೇ ಗೊತ್ತಿರಲಿಲ್ಲವಲ್ಲಾ ಮೇಡಂ" ಎಂದು ನಕ್ಕರು. ಇನ್ನೊಬ್ಬರು ನಗಲಿಲ್ಲ. ಗನ್ನವರಂನ ಮನೆಯಲ್ಲಿ ಊಟಕ್ಕೆ ಕೂರಿಸದೆ ಬಿಡಲಿಲ್ಲ; ಗೋಂಗೂರ ಪಚ್ಚಡಿ ಬಡಿಸುತ್ತಾ ಬಡಿಸುತ್ತಾ, "ಪಾಸ್ಟರು ಹೇಗೆ, ಒಳ್ಳೆಯವರೇನಾ?" ಎಂದು ಮನೆಯಾಕೆ ಕೇಳಿದರು. ಒಳ್ಳೆಯವರು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಖಾರ ಹತ್ತಿದವಳ ಹಾಗೆ ನೀರು ಕುಡಿದು ಸುಮ್ಮನಾದೆ.

ನರ್ಸಮ್ಮನ ಮನೆ ವಿಜಯವಾಡದ ಒನ್ ಟೌನ್ ಪೇಟೆಯ ಒಳಗೆ, ಬೇಳೆಕಾಳಿನ ಸಗಟು ಅಂಗಡಿಗಳ ಓಣಿಯಲ್ಲಿ. ಮೂಟೆಗಳ ನಡುವೆ ಪಕ್ಕಕ್ಕೆ ತಿರುಗಿ ನಡೆದು, ಮೆಟ್ಟಿಲು ಹತ್ತಿದೆ. ಎಂಬತ್ತರ ಹತ್ತಿರದ ಜೀವ, ಬಿಳಿ ಸೀರೆ, ನೆಟ್ಟಗಿನ ಬೆನ್ನು. ನನ್ನನ್ನು ಗುರುತಿಸಿದರು. ನೋಟೀಸನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿ ಕೆಳಗಿಟ್ಟರು.

"ಮೂರು ವರ್ಷ ಆಯ್ತು ನಾನು ಇಲ್ಲಿ ಬಂದು. ವಿಶಾಖಪಟ್ಟಣದಿಂದ ಯಾರಾದರೂ ಬರ್ತಾರೇನೋ ಅಂತ ಮೊದಲ ವರ್ಷ ಕಾದೆ. ಈಗ ನೀನು ಬಂದೆ, ಓಟಿಗೆ."

"ತಪ್ಪಾಯ್ತಮ್ಮಾ. ಬ್ಯಾಂಕಿನ ಚಾಳಿ. ಊರು ಬಿಟ್ಟವರು ಸಭೆ ಬಿಟ್ಟರು ಅಂದುಕೊಂಡು ನಿಮ್ಮ ಹೆಸರು ಹೊಡೆದುಬಿಟ್ಟೆ" ಎಂದೆ.

"ನನ್ನ ತಂದೆ ಹೆಸರು ನಿಮ್ಮ ಮೊದಲನೇ ಪುಸ್ತಕದಲ್ಲಿದೆ, ನೋಡಿದೀಯಾ?"

"ನೋಡಿದೀನಿ."

ಅವರು ತಲೆಯಾಡಿಸಿದರು. "ಈ ಮನುಷ್ಯ ಹೇಗಿದ್ದಾನೆ?"

"ಅದನ್ನ ನಾನು ಹೇಳೋ ಹಾಗಿಲ್ಲ. ಪ್ರಸಂಗ ಫೋನಿಗೆ ಕಳಿಸ್ತೀನಿ, ಕೇಳಿ."

"ಫೋನಿನಲ್ಲಿ ಏನು ಗೊತ್ತಾಗುತ್ತೆ? ನಲವತ್ತು ವರ್ಷ ನರ್ಸಾಗಿದ್ದೆ. ಕೈ ಹಿಡಿದು ನಾಡಿ ನೋಡದೆ ಒಬ್ಬನ ಬಗ್ಗೆ ಚೀಟಿ ಬರೆದವಳಲ್ಲ ನಾನು. ಬೇಡ ಅಂತ ಬರೆದರೂ ಸುಳ್ಳು, ಬೇಕು ಅಂತ ಬರೆದರೂ ಸುಳ್ಳು." ಸಹಿ ಹಾಕಿ ಕವರು ಇಸಿದುಕೊಂಡರು. "ಎಷ್ಟು ಓಟು ಕಡಿಮೆ ಇದೆ?"

"ಅದನ್ನೂ ಹೇಳೋ ಹಾಗಿಲ್ಲಮ್ಮಾ."

"ಒಳ್ಳೇದು. ಹೇಳಬೇಡ" ಎಂದರು. ವಾಪಸ್ಸು ರೈಲಿನಲ್ಲಿ ಕೂತು ಅತ್ತೆ. ಪಕ್ಕದ ಸೀಟಿನ ಹೆಂಗಸು ನನಗೆ ಯಾರೋ ಸತ್ತರೆಂದು ತಿಳಿದು ಬಾಳೆಹಣ್ಣು ಕೊಟ್ಟಳು.

ಆ ಮೂರು ವಾರ ಹೇಗೆ ಕಳೆಯಿತೋ ನನಗೇ ಗೊತ್ತು. ಕವರುಗಳು ಒಂದೊಂದಾಗಿ ಬಂದು ಹಿರಿಯ ಡೀಕನ್ನರ ಪೆಟ್ಟಿಗೆ ಸೇರುತ್ತಿದ್ದವು. ಪಾಸ್ಟರು ಪೀಠ ಹತ್ತಲಿಲ್ಲ, ಹಿಂದಿನ ಬೆಂಚಿನಲ್ಲಿ ಕೂತು ಎಲ್ಲರಂತೆ ಹಾಡಿದರು. ಅಮ್ಮಗಾರು ಉಳಿದ ಡಬ್ಬಿಗಳನ್ನು ಬಿಚ್ಚಲೇ ಇಲ್ಲ. ಚರ್ಚಿನ ಗೇಟಿನಲ್ಲಿ ಸಿಕ್ಕರೆ "ವಂದನಾಲು ಅಕ್ಕಾ" ಎನ್ನುತ್ತಿದ್ದರು, ಮುಖ ನೋಡುತ್ತಿರಲಿಲ್ಲ. ನನಗೂ ಅವರ ಮುಖ ನೋಡುವ ಧೈರ್ಯವಿರಲಿಲ್ಲ.

ಕವರು ಒಡೆಯುವ ಭಾನುವಾರ ಚರ್ಚಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಪಾಸ್ಟರ ಸಂಸಾರ ಪದ್ಧತಿಯ ಪ್ರಕಾರ ಹಿಂದಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿತ್ತು. ಬಂದಿದ್ದವು ಏಳು ಕವರು. ಇಬ್ಬರು ಉತ್ತರವನ್ನೇ ಕಳಿಸಿರಲಿಲ್ಲ. ಹಿರಿಯ ಡೀಕನ್ನರು ಒಡೆದು ಕೊಟ್ಟರು, ನಾನು ಓದಿದೆ. ಒಪ್ಪಿದೆ. ಒಪ್ಪಿದೆ. ಒಪ್ಪಿಲ್ಲ. ಒಪ್ಪಿದೆ. ಒಪ್ಪಿಲ್ಲ. ಒಪ್ಪಿದೆ. ನಾಲ್ಕು ಸೇರಿ ಅರವತ್ತಾರು. ಒಂದೇ ಒಂದು ಬೇಕಿತ್ತು. ಉಳಿದದ್ದು ಒಂದೇ ಕವರು, ದಪ್ಪಗಿತ್ತು.

ಒಳಗಿನ ಚೀಟಿ ಖಾಲಿ. ಜೊತೆಗೆ ಎರಡು ಕಾಗದ. ಒಂದು ನರ್ಸಮ್ಮನದು. ನಾನು ಕಾಣದ ಮನುಷ್ಯನ ಬಗ್ಗೆ ಓಟು ಹಾಕಲಾರೆ, ಓಟು ಹಾಕದ ಸದಸ್ಯಳು ಸಭೆಗೆ ಭಾರ. ಇಲ್ಲಿನ ಸಣ್ಣ ಸಭೆಯೊಂದರವರು ಎರಡು ವರ್ಷದಿಂದ ತಿಂಗಳು ತಿಂಗಳು ಮೆಟ್ಟಿಲು ಹತ್ತಿ ಬಂದು ರೊಟ್ಟಿ, ದ್ರಾಕ್ಷಾರಸದ ಪ್ರಭುಭೋಜನ ಕೊಟ್ಟುಹೋಗುತ್ತಿದ್ದಾರೆ. ತಂದೆಯ ಹೆಸರಿದೆಯೆಂಬ ಮೋಹಕ್ಕೆ ಇಷ್ಟು ದಿನ ನಿಮ್ಮವಳಾಗಿಯೇ ಉಳಿದುಕೊಂಡೆ, ಈಗ ಅವರಲ್ಲಿಗೆ ಕಳಿಸಿಕೊಡಿ ಎಂದು ಬರೆದಿದ್ದರು. ಇನ್ನೊಂದು, ಅವರನ್ನು ಕೇಳಿಕೊಂಡು ಆ ಸಭೆಯವರು ಬರೆದ ಪತ್ರ.

ಹಿರಿಯ ಡೀಕನ್ನರು ನನ್ನನ್ನು ನೋಡಿದರು. ಲೆಕ್ಕ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಆಕೆಯನ್ನು ಕಳಿಸಿಕೊಟ್ಟರೆ ಪಟ್ಟಿಯಲ್ಲಿ ಉಳಿಯುವವರು ತೊಂಬತ್ತೊಂಬತ್ತು. ಅದರಲ್ಲಿ ಮೂರರಲ್ಲಿ ಎರಡು ಪಾಲು ಅರವತ್ತಾರು. ಸಾಕು. ನಾನು ಅದನ್ನೇ ಗಟ್ಟಿಯಾಗಿ ಹೇಳಿದೆ, ಯಾರಿಗೂ ಹೇಳದೆ ಗೆರೆ ಎಳೆದು ಒಮ್ಮೆ ಅನುಭವಿಸಿದ್ದು ಸಾಕಾಗಿತ್ತು. ತೊಂಬತ್ತೊಂಬತ್ತು ಎಂದಾಗ ಹಲವರು ತಲೆ ತಗ್ಗಿಸಿದರು. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು, ತಪ್ಪಿಸಿಕೊಂಡ ಒಂದನ್ನು ಹುಡುಕಿ ಹೋದ ಕುರುಬನ ಬೈಬಲಿನ ಕಥೆ ಗೊತ್ತಿಲ್ಲದವರು ಅಲ್ಲಿ ಯಾರಿದ್ದರು?

"ಇದು ಹೂಡಿದ ಆಟ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಹೆಡ್ಮಾಸ್ಟರು ಎದ್ದರು. ಮುಗಿಯಿತು ಎಂದುಕೊಂಡೆ. ಅವರು ಕೂಗಿದವನ ಕಡೆ ತಿರುಗಿ, "ಬಾಯಿ ಮುಚ್ಚೋ. ಉಳಿದ ಕವರಿನಲ್ಲಿ ಏನಿದೆ ಅಂತ ಆಯಮ್ಮನಿಗೆ ಕನಸು ಬಿದ್ದಿತ್ತಾ?" ಎಂದರು. ಆಮೇಲೆ ಸಭೆಯ ಕಡೆ ತಿರುಗಿದರು. "ನನ್ನ ಮೂರು ಮಕ್ಕಳನ್ನ ಮೊದಲು ಎತ್ತಿಕೊಂಡ ಕೈ ನರ್ಸಮ್ಮನದು. ಆಕೆ ಹೋದಳು ಅಂತ ನನಗೂ ಗೊತ್ತಿತ್ತು. ನಾನೂ ಒಂದು ದಿನ ಹೋಗಿ ನೋಡಲಿಲ್ಲ. ಪಾಸ್ಟರ ವಿಷಯದಲ್ಲಿ ನನ್ನ ಓಟು ಬೇಡ ಅಂತಲೇ ಇತ್ತು, ಈಗಲೂ ಅಷ್ಟೇ. ಆದರೆ ಇದು ಆಕೆಯ ವಿಷಯ. ಕೇಳಿದ್ದನ್ನ ಕೊಡಬೇಕು." ಹೇಳಿ, ಬಲಗೈ ಎತ್ತಿ ನಿಂತರು.

ಒಂದು ನಿಮಿಷ ಅವರದೊಂದೇ ಕೈ. ಬೇಕಾದ ಪಾಸ್ಟರು ಸಿಗುತ್ತಾರೆಂದು ಗೊತ್ತಿದ್ದೂ ಅರವತ್ತೆರಡು ಜನರಲ್ಲಿ ಒಬ್ಬರೂ ಎತ್ತಲಿಲ್ಲ. ನಿಧಾನಕ್ಕೆ ಮುದುಕಿಯರ ಬೆಂಚಿನಲ್ಲಿ ಒಂದು ಕೈ ಮೇಲೆ ಬಂತು, ಇನ್ನೊಂದು ಬಂತು, ಆಮೇಲೆ ಎಲ್ಲ ಕಡೆಯಿಂದ. ಕೆಲವರು ಎತ್ತಿದ ಕೈಯ ಅಂಗೈಯಿಂದಲೇ ಕಣ್ಣೊರೆಸಿಕೊಂಡರು.

"ಅಮ್ಮಾ, ನಿಮ್ಮದು?" ಎಂದರು ಹಿರಿಯ ಡೀಕನ್ನರು. ನಾನು ಎಣಿಸುತ್ತಾ ನಿಂತಿದ್ದೆನೇ ಹೊರತು ಎತ್ತಿರಲಿಲ್ಲ. ಎತ್ತಿದೆ.

ಸೋಮವಾರ ಬ್ಯಾಂಕಿಗೆ ರಜೆ ಹಾಕಿ ಬೆಳಗಿನ ರೈಲಿಗೆ ಹೋದೆ. ಪಾಸ್ಟರೂ ಬಂದರು. ಕರೆಯ ಸುದ್ದಿ ಹೇಳಿದಾಗ ಅವರು ಖುಷಿಪಡಲಿಲ್ಲ, "ಆಯಮ್ಮನ ಪತ್ರ ಅಂಚೆಗೆ ಹಾಕಬೇಡಿ, ನಾವೇ ಕೊಡೋಣ" ಎಂದರು ಅಷ್ಟೇ. ಕಳಿಸಿಕೊಡುವ ಪತ್ರಕ್ಕೆ ಅವರು ಹಾಕಿದ್ದು ಪಾಸ್ಟರಾಗಿ ಮೊದಲ ಸಹಿ. ಈ ಸಹೋದರಿಯನ್ನು ಪ್ರೀತಿಯಿಂದ ನಿಮಗೆ ಒಪ್ಪಿಸುತ್ತಿದ್ದೇವೆ ಎಂಬ ಒಂದು ಸಾಲನ್ನು ಬರೆಯಲು ನಾನು ಮೂರು ಹಾಳೆ ಹರಿದಿದ್ದೆ.

ನರ್ಸಮ್ಮ ಬಾಗಿಲಲ್ಲೇ ಪತ್ರ ಓದಿದರು. ಆಮೇಲೆ ಪಾಸ್ಟರನ್ನು ಮೇಲಿನಿಂದ ಕೆಳಗೆ ನೋಡಿ, "ಈಗ ನನ್ನ ಹತ್ರ ಓಟಿಲ್ಲ. ಆದರೂ ಬಂದೆಯಾ? ಬಾ, ಕೂತ್ಕೋ ನಾಯನಾ" ಎಂದರು. ನಾನು ಮತ್ತೆ ಕ್ಷಮೆ ಕೇಳಲು ಹೋದೆ, ದುಃಖ ಒತ್ತಿಬಂತು. "ಅಳಬೇಡ ಪಿಲ್ಲಾ. ಹೊಡೆದು ಹಾಕೋದು ಬೇರೆ, ಕಳಿಸಿಕೊಡೋದು ಬೇರೆ. ಈಗ ಕಳಿಸಿಕೊಟ್ಟಿದೀರಿ" ಎಂದು ನನ್ನ ಕೈ ಹಿಡಿದುಕೊಂಡರು. ಪಾಸ್ಟರಿಗೆ ಪ್ರಾರ್ಥನೆ ಮಾಡು ಎಂದರು.

ಪಾಸ್ಟರು ಕಣ್ಣು ಮುಚ್ಚಿ ಆಕೆಯ ಹೆಸರು ಹೇಳಿದರು. ಮುಂದಿನ ಮಾತು ಬರಲಿಲ್ಲ. ಆಗ ನರ್ಸಮ್ಮ ತಾವೇ ಎತ್ತಿಕೊಂಡರು. ಹಿರಿಯ ಡೀಕನ್ನರ ಹೆಸರು ಹೇಳಿದರು, ಹೆಡ್ಮಾಸ್ಟರದು, ಅವರ ಮೂರು ಮಕ್ಕಳದು, ಕಾಯಿಲೆಯವರದು, ತೀರಿಕೊಂಡವರ ಮನೆಯವರದು, ಬೆಂಚು ಬೆಂಚು ಹಿಡಿದು ನಮ್ಮ ಸಭೆಯನ್ನೆಲ್ಲ ಒಂದೊಂದೇ ಹೆಸರಾಗಿ ಹೇಳುತ್ತಾ ಹೋದರು. ಪುಸ್ತಕವಿರಲಿಲ್ಲ, ಚೀಟಿಯಿರಲಿಲ್ಲ, ಎಲ್ಲಿಯೂ ತಡವರಿಸಲಿಲ್ಲ. ಮೂರು ವರ್ಷದಿಂದ ದಿನಾ ಹೇಳಿಕೊಳ್ಳುತ್ತಿದ್ದರೆಂದು ಕೇಳಿದವರಿಗೆ ಯಾರಿಗಾದರೂ ತಿಳಿಯುತ್ತಿತ್ತು. ಎಲ್ಲರೂ ಮುಗಿದ ಮೇಲೆ ಒಂದು ಕ್ಷಣ ನಿಲ್ಲಿಸಿ, "ಆ ಕನ್ನಡದ ಹುಡುಗಿ" ಎಂದು ನನ್ನನ್ನೂ ಸೇರಿಸಿದರು.